ಬಕೆಟ್ಟಿನಲ್ಲಿ ಮುಳುಗಿಸಿ ಆಯ್ದುಕೊಂಡ ಇನ್ಸುಲೇಷನ್

ಮನೆ ಕಟ್ಟಿಸೋಕೆ ಹೊರಟಾಗ ನಾನು ತಲೆ ಕೆಡಿಸಿಕೊಂಡಿದ್ದು ಟೈಲ್ಸ್, ಕಿಟಕಿ, ಬಣ್ಣದ ಬಗ್ಗೆ. ಇನ್ಸುಲೇಷನ್, ಅಂದರೆ ಬಿಸಿ ಒಳಗೆ ಬರದ ಹಾಗೆ ಹಾಕುವ ಹೊದಿಕೆ, ಅನ್ನೋ ಮಾತು ನಮ್ಮ ಪ್ಲ್ಯಾನಿನಲ್ಲೇ ಇರಲಿಲ್ಲ. ಅದು ತಲೆಗೆ ಬಂದಿದ್ದು ಆಗ ನಾವಿದ್ದ ಬಾಡಿಗೆ ಮನೆಯ ದೆಸೆಯಿಂದ. ಮೇಲಿನ ಮಹಡಿ, ನೇರ ತಾರಸಿಯ ಕೆಳಗೆ. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಾದರೂ ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿತ್ತು. ಹೊರಗೆ ಬಂದು ನಿಂತರೆ ಹಾಯೆನಿಸುತ್ತಿತ್ತು, ಒಳಗೆ ಕಾಲಿಟ್ಟರೆ ಮತ್ತೆ ಬೆವರು.

ಹೊಸ ಮನೆಯಲ್ಲೂ ಇದೇ ಪಾಡಾದರೆ ಅಂತ ಭಯವಾಯಿತು. ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಂದೆ. ಪಿಸ್ತೂಲಿನ ಹಾಗೆ ಇರುತ್ತದಲ್ಲ, ಗುರಿ ಹಿಡಿದು ಒತ್ತಿದರೆ ಎದುರಿಗಿರುವುದರ ಬಿಸಿ ತೋರಿಸುತ್ತದೆ, ಅದು. ಒಂದು ವಾರ ಮಲಗುವ ಕೋಣೆಯ ಸೀಲಿಂಗಿಗೆ ಹಿಡಿದು ಬರೆದಿಟ್ಟೆ. ಬೆಳಿಗ್ಗೆ 7ಕ್ಕೆ 29 ಡಿಗ್ರಿ. ಮಧ್ಯಾಹ್ನ 12ಕ್ಕೆ 34. ಸಂಜೆ 6ಕ್ಕೆ 42. ರಾತ್ರಿ 10ಕ್ಕೂ 38.

ನೆತ್ತಿ ಮೇಲೆ ಬಿಸಿಲಿದ್ದಾಗ 34, ಸೂರ್ಯ ಇಳಿಯುವ ಹೊತ್ತಿಗೆ 42! ಮೊದಲು ಮೀಟರೇ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಆ ಬಿಸಿ ಐದು ಇಂಚು ದಾಟಿ ಕೆಳಗಿಳಿಯೋಕೆ ಮೂರ್ನಾಲ್ಕು ಗಂಟೆ ಹಿಡಿಯುತ್ತದೆ. ಆಮೇಲೆ ಮಧ್ಯರಾತ್ರಿಯವರೆಗೂ ಸೀಲಿಂಗು ನಮ್ಮ ಮೇಲೆ ಅದನ್ನು ಸುರಿಯುತ್ತಲೇ ಇರುತ್ತದೆ. ಗೋಡೆಗಳನ್ನೂ ನೋಡಿದೆ. ರಾತ್ರಿ ಒಂಬತ್ತಕ್ಕೆ ಪಶ್ಚಿಮದ ಗೋಡೆ 36, ಉತ್ತರದ್ದು 31. ಮನೆಯೊಳಗೆ ಬಿಸಿ ಎಲ್ಲಿಂದ ಬರುತ್ತಿದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಮೊದಲು ತಾರಸಿ, ಆಮೇಲೆ ಪಶ್ಚಿಮದ ಗೋಡೆ. ಉಳಿದದ್ದು ಆಮೇಲೆ ನೋಡಿದರಾಯಿತು.

ತಾರಸಿಗೆ ಇನ್ಸುಲೇಷನ್ ಹಾಕಿಸೋಣ ಅಂತ ಮೇಸ್ತ್ರಿಗೆ ಹೇಳಿದೆ. ಅವರು ನಕ್ಕರು. “ಅದೇನು ಥರ್ಮಾಕೋಲ್ ಗಿರ್ಮಾಕೋಲ್ ಸಾರ್, ಮೋಲ್ಡ್ ಇನ್ನೊಂದು ಇಂಚು ದಪ್ಪ ಹಾಕೋಣ ಬಿಡಿ.” ಮಾತು ಸರಿ ಅಂತಲೇ ಅನಿಸಿತು. ದಪ್ಪ ಜಾಸ್ತಿಯಾದರೆ ಬಿಸಿ ಕಡಿಮೆ ಬರಬೇಕು, ಅಲ್ವಾ? ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ.

ಲೆಕ್ಕ ಕಷ್ಟದ್ದೇನಲ್ಲ. ಪ್ರತಿ ವಸ್ತುವಿಗೂ ಕೆ ವ್ಯಾಲ್ಯೂ ಅಂತ ಇರುತ್ತದೆ. ಶಾಖವನ್ನು ಎಷ್ಟು ಸಲೀಸಾಗಿ ದಾಟಿಸುತ್ತದೆ ಅನ್ನುವ ಅಳತೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಕಾಂಕ್ರೀಟಿನದು ಸುಮಾರು 1.6. ಇಟ್ಟಿಗೆಯದು 0.7ರಿಂದ 0.8. ಗ್ಲಾಸ್‌ವೂಲ್, ರಾಕ್‌ವೂಲ್, ಥರ್ಮಾಕೋಲ್ ಎಲ್ಲ 0.035ರಿಂದ 0.04ರ ಆಸುಪಾಸು. ಎಕ್ಸ್‌ಪಿಎಸ್ ಅನ್ನುವ ಗಟ್ಟಿ ಫೋಮ್ ಹಲಗೆ 0.03. ಪಫ್, ಅಂದರೆ ಪಾಲಿಯುರೆಥೇನ್ ಫೋಮ್, ಇನ್ನೂ ಕಡಿಮೆ, 0.025ರ ಹತ್ತಿರ. ದಪ್ಪವನ್ನು ಮೀಟರಿನಲ್ಲಿ ಬರೆದು ಈ ಸಂಖ್ಯೆಯಿಂದ ಭಾಗಿಸಿದರೆ ಆರ್ ವ್ಯಾಲ್ಯೂ ಸಿಗುತ್ತದೆ, ಅಂದರೆ ಶಾಖಕ್ಕೆ ಅದು ಒಡ್ಡುವ ತಡೆ. ನಮ್ಮ ಐದು ಇಂಚಿನ ಮೋಲ್ಡಿನ ತಡೆ 0.08. ಎರಡು ಇಂಚಿನ ಎಕ್ಸ್‌ಪಿಎಸ್ ಹಲಗೆಯದು 1.67. ಆ ಎರಡು ಇಂಚಿನ ಕೆಲಸವನ್ನು ಬರೀ ಕಾಂಕ್ರೀಟಿನಿಂದ ಮಾಡಿಸಬೇಕೆಂದರೆ ಮೋಲ್ಡು ಎರಡೂವರೆ ಮೀಟರಿಗಿಂತ ದಪ್ಪ ಇರಬೇಕು! ಮಾರನೇ ದಿನ ಮೇಸ್ತ್ರಿಗೆ ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, “ಹಂಗಾದ್ರೆ ಪಿಲ್ಲರ್ ದಪ್ಪ ಮಾಡ್ಬೇಕಾಗುತ್ತೆ ಸಾರ್” ಅಂದರು. ತಮಾಷೆಗೋ ನಿಜಕ್ಕೋ ಇವತ್ತಿಗೂ ಗೊತ್ತಿಲ್ಲ.

ಈ ಸಂಖ್ಯೆಗಳನ್ನು ಒಟ್ಟಿಗೆ ಬರೆದಿಟ್ಟುಕೊಂಡಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅಲುಗಾಡದೆ ನಿಂತ ಗಾಳಿಯ ಕೆ ವ್ಯಾಲ್ಯೂ 0.025. ಗಾಜಿನ ಎಳೆಯಾಗಲಿ, ಕಲ್ಲಿನ ಎಳೆಯಾಗಲಿ, ಥರ್ಮಾಕೋಲಿನ ಕಾಳಾಗಲಿ, ಎಲ್ಲದರ ಕೆಲಸವೂ ಗಾಳಿಯನ್ನು ಓಡಾಡದ ಹಾಗೆ ಹಿಡಿದಿಡುವುದು ಅಷ್ಟೇ. ನಾವು ದುಡ್ಡು ಕೊಡುವುದು ಗಾಳಿಗೆ! ಪಫ್ ಮಾತ್ರ ಸ್ವಲ್ಪ ಬೇರೆ. ಅದರ ಗುಳ್ಳೆಗಳಲ್ಲಿ ಗಾಳಿಗಿಂತ ಕಡಿಮೆ ಶಾಖ ದಾಟಿಸುವ ಅನಿಲ ತುಂಬಿರುತ್ತಾರೆ. ವರ್ಷಗಳು ಕಳೆದ ಹಾಗೆ ಆ ಅನಿಲ ನಿಧಾನಕ್ಕೆ ಹೊರಗೆ ಹೋಗಿ ಗಾಳಿ ಒಳಗೆ ಬರುತ್ತದೆ. ಅದಕ್ಕೇ ಪಫ್ ಕೊಳ್ಳುವಾಗ ಹೊಸದರ ಸಂಖ್ಯೆಯನ್ನಲ್ಲ, ಹಳೆಯದಾದ ಮೇಲಿನ ಸಂಖ್ಯೆಯನ್ನು ಕೇಳಬೇಕು. ನಾನು ಕೇಳಿದ ಮೂವರಲ್ಲಿ ಇಬ್ಬರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಸಂಖ್ಯೆಗಳ ವಿಷಯದಲ್ಲಿ ನಾನೂ ಒಮ್ಮೆ ಮೋಸ ಹೋಗುವುದರಲ್ಲಿದ್ದೆ. ಒಂದು ಕ್ಯಾಟಲಾಗಿನಲ್ಲಿ ಆರ್ ವ್ಯಾಲ್ಯೂ 1.7 ಅಂತಿತ್ತು, ಇನ್ನೊಂದರಲ್ಲಿ 10. ಎರಡನೆಯದು ಆರು ಪಟ್ಟು ಒಳ್ಳೆಯದು ಅಂತ ಕುಣಿದಾಡಿಬಿಟ್ಟೆ. ಆಮೇಲೆ ನೋಡಿದರೆ ಒಂದು ಮೆಟ್ರಿಕ್ ಅಳತೆ, ಇನ್ನೊಂದು ಅಮೆರಿಕದವರ ಅಡಿ-ಫ್ಯಾರನ್‌ಹೀಟ್ ಅಳತೆ. ಮೆಟ್ರಿಕ್ ಸಂಖ್ಯೆಯನ್ನು 5.68ರಿಂದ ಗುಣಿಸಿದರೆ ಅಮೆರಿಕದ ಸಂಖ್ಯೆ ಬರುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಮಾಲು.

ಇನ್ನೊಬ್ಬ ಮಾರಾಟಗಾರರು ಮನೆಗೇ ಬಂದು ಡೆಮೊ ಕೊಟ್ಟರು. ಬೆಳ್ಳಿಯ ಹಾಗೆ ಹೊಳೆಯುವ ತೆಳ್ಳನೆಯ ಫಾಯಿಲ್ ಹಾಳೆ. ಮೇಲೆ ಒಂದು ದೊಡ್ಡ ಬಲ್ಬು ಹತ್ತಿಸಿ, ಕೆಳಗೆ ನನ್ನ ಕೈ ಹಿಡಿಸಿದರು. ಹಾಳೆ ಇಲ್ಲದಾಗ ಕೈ ಸುಡುತ್ತದೆ, ಹಾಳೆ ಹಿಡಿದರೆ ತಣ್ಣಗೆ. ಸಾಲದ್ದಕ್ಕೆ ನನ್ನದೇ ಪಿಸ್ತೂಲು ಮೀಟರ್ ತೆಗೆದುಕೊಂಡು ಫಾಯಿಲಿನ ಮೇಲೆ ಹಿಡಿದು ತೋರಿಸಿದರು. 31 ಡಿಗ್ರಿ! “ನೋಡಿ ಸಾರ್, ಬಿಸಿನೇ ಏರಿಲ್ಲ.”

ನನಗೆ ಏನೋ ಅನುಮಾನ. ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಅವರು ಚಹಾ ಕುಡಿಯುತ್ತಿದ್ದಾಗ ಕರೆಂಟಿನವರು ಬಳಸುವ ಕಪ್ಪು ಟೇಪಿನ ಒಂದು ತುಂಡನ್ನು ಆ ಹಾಳೆಗೆ ಅಂಟಿಸಿ, ಎರಡು ನಿಮಿಷ ಬಿಟ್ಟು ಟೇಪಿನ ಮೇಲೆ ಮೀಟರ್ ಹಿಡಿದೆ. 47. ಹೊಳೆಯುವ ಮೇಲ್ಮೈ ತನ್ನ ಬಿಸಿಯನ್ನು ಬಹಳ ಕಡಿಮೆ ಸೂಸುತ್ತದೆ, ಎದುರಿಗಿರುವುದರ ಪ್ರತಿಫಲನವನ್ನೇ ಮೀಟರಿಗೆ ತೋರಿಸುತ್ತದೆ. ಮೀಟರ್ ಓದಿದ್ದು ಫಾಯಿಲನ್ನಲ್ಲ, ನಮ್ಮ ಗೋಡೆಯನ್ನು. ಬಂದವರು ಬೇಕಂತಲೇ ಮಾಡಿದರು ಅಂತ ನಾನು ಹೇಳುವುದಿಲ್ಲ. ಟೇಪಿನ ಸಂಖ್ಯೆ ನೋಡಿ ಅವರಿಗೂ ಆಶ್ಚರ್ಯವಾಗಿತ್ತು.

ಹಾಗಂತ ಫಾಯಿಲ್ ಸುಳ್ಳಲ್ಲ. ಒಂದು ಪಕ್ಕದಲ್ಲಿ ಒಂದಿಂಚಾದರೂ ಗಾಳಿಯ ಜಾಗ ಇದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕಾಂಕ್ರೀಟಿಗೋ ಗಾರೆಗೋ ಅಂಟಿಸಿಬಿಟ್ಟರೆ ಅದು ಬರೀ ಅಲ್ಯುಮಿನಿಯಂ, ಶಾಖ ದಾಟಿಸುವುದರಲ್ಲಿ ಕಾಂಕ್ರೀಟಿಗಿಂತ ನೂರು ಪಟ್ಟು ಮುಂದೆ. ನಮ್ಮ ತಾರಸಿಯಲ್ಲಿ ಗಾಳಿಯ ಜಾಗ ಎಲ್ಲಿಂದ ತರಲಿ? ಬೇಡ ಅಂದೆ.

ಅಷ್ಟೊತ್ತಿಗೆ ಮನೆಯಲ್ಲಿ ಸ್ಯಾಂಪಲ್ಲುಗಳ ರಾಶಿ ಬಿದ್ದಿತ್ತು. ಮಗಳಿಗೆ ರಜೆ. ಇಬ್ಬರೂ ಸೇರಿ ಪರೀಕ್ಷೆಗೆ ಇಳಿದೆವು. ಗ್ಲಾಸ್‌ವೂಲ್, ರಾಕ್‌ವೂಲ್, ಥರ್ಮಾಕೋಲ್, ಎಕ್ಸ್‌ಪಿಎಸ್ ನಾಲ್ಕನ್ನೂ ಹತ್ತು ಸೆಂಟಿಮೀಟರ್ ಉದ್ದಗಲ, ಐದು ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬಕೆಟ್ಟಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದೆವು. ಗ್ಲಾಸ್‌ವೂಲ್ 12 ಗ್ರಾಂ ಇದ್ದದ್ದು ಮಾರನೇ ದಿನ 300 ದಾಟಿತ್ತು. ಹಿಂಡಿದರೆ ಒದ್ದೆ ಬಟ್ಟೆಯ ಹಾಗೆ ನೀರು. ರಾಕ್‌ವೂಲಿಗೆ ನೀರು ಹಿಡಿಯದಿರಲಿ ಅಂತ ತಯಾರಿಸುವಾಗಲೇ ಏನೋ ಲೇಪಿಸಿರುತ್ತಾರೆ. ಅದು ಮೊದಲ ದಿನ ಕಲ್ಲನ್ನೇ ಎತ್ತಿ ತೇಲೋಕೆ ನೋಡಿತು. ಆಮೇಲೆ ಸೋತಿತು. “ಅಪ್ಪಾ, ಇದು ಇನ್ನೂ ಕುಡೀತಾನೇ ಇದೆ” ಅಂತ ಮಗಳು ದಿನಾ ತೂಗಿ ಬರೆಯುತ್ತಿದ್ದಳು. ಥರ್ಮಾಕೋಲ್ ಒಂದು ವಾರದಲ್ಲಿ 8ರಿಂದ 17 ಗ್ರಾಮಿಗೆ ಹೋಯಿತು. ಕಾಳಿನೊಳಗೆ ನೀರು ಇಳಿಯುವುದಿಲ್ಲ, ಕಾಳುಕಾಳಿನ ನಡುವೆ ನುಸುಳುತ್ತದೆ. ಎಕ್ಸ್‌ಪಿಎಸ್ 16 ಇದ್ದದ್ದು 18. ಅದೂ ಮೇಲೆ ಅಂಟಿದ ಹನಿಗಳದ್ದೇ ಇರಬೇಕು.

ಇದು ಯಾಕೆ ಮುಖ್ಯ ಅಂದರೆ, ನೀರಿನ ಕೆ ವ್ಯಾಲ್ಯೂ 0.6. ಗಾಳಿಗಿಂತ 24 ಪಟ್ಟು ಜಾಸ್ತಿ. ಗಾಳಿ ಇದ್ದ ಜಾಗಕ್ಕೆ ನೀರು ಬಂದು ಕೂತರೆ ಅಲ್ಲಿಗೆ ಇನ್ಸುಲೇಷನ್ ಮುಗಿಯಿತು. ಬಕೆಟ್ ಪರೀಕ್ಷೆ ಪ್ರಯೋಗಾಲಯದ ಮಟ್ಟದ್ದಲ್ಲ, ಒಪ್ಪುತ್ತೇನೆ. ಆದರೆ ತಾರಸಿಯ ಮೇಲೆ ಹಾಕುವುದು ಯಾವುದು ಅನ್ನೋ ಪ್ರಶ್ನೆಗೆ ನಮಗೆ ಅದು ಸಾಕಾಯಿತು.

ಬೆಂಕಿಯ ಪರೀಕ್ಷೆಯನ್ನು ನಾನೊಬ್ಬನೇ ಮಾಡಿದೆ, ಬಯಲಿನಲ್ಲಿ, ತಗಡಿನ ಮೇಲೆ, ಉದ್ದನೆಯ ಇಕ್ಕಳ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು. ರಾಕ್‌ವೂಲ್ ಕೆಂಪಗಾಯಿತು, ಆರಿತು, ಇದ್ದ ಹಾಗೇ ಇತ್ತು. ಕಲ್ಲನ್ನೇ ಕರಗಿಸಿ ಎಳೆ ತೆಗೆದದ್ದಲ್ವಾ, ಅದು ಕರಗೋಕೆ ಸಾವಿರ ಡಿಗ್ರಿ ದಾಟಬೇಕು. ಸಾದಾ ಥರ್ಮಾಕೋಲ್ ಬೆಂಕಿ ಹತ್ತಿರ ಬರುತ್ತಲೇ ಮುದುಡಿತು, ಆಮೇಲೆ ಹತ್ತಿಕೊಂಡು ಕಪ್ಪು ಹೊಗೆ ಬಿಡುತ್ತಾ ಉರಿಯುವ ಹನಿಗಳನ್ನು ತೊಟ್ಟಿಕ್ಕಿಸಿತು. ಬೆಂಕಿ ತಡೆಯುವ ರಾಸಾಯನಿಕ ಸೇರಿಸಿದ ತುಂಡು ಮಾತ್ರ ಜ್ವಾಲೆ ತೆಗೆದ ಕೂಡಲೇ ಆರಿಹೋಯಿತು. ಪಫ್ ಕರಗದೆ ಇದ್ದಿಲಾಗುತ್ತಾ ಬಂತು, ಆದರೆ ಆ ಹೊಗೆಯ ಹತ್ತಿರ ನಾನು ಹೋಗಲಿಲ್ಲ. ಅದರಲ್ಲಿ ಹೈಡ್ರೋಜನ್ ಸಯನೈಡ್ ಇರುತ್ತದೆ. ನೀವೂ ಇದನ್ನು ಮನೆಯಲ್ಲಿ ಮಾಡಬೇಡಿ, ಕಂಪನಿಯ ಫೈರ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಸಾಕು.

2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಉರಿದು 72 ಜನ ಸತ್ತರಲ್ಲ, ಅಲ್ಲಿ ಹೊರಗೋಡೆಗೆ ಹೊದಿಸಿದ್ದ ಹಲಗೆಗಳ ಪ್ಲಾಸ್ಟಿಕ್ಕೇ ಬೆಂಕಿ ಹಬ್ಬೋಕೆ ಮುಖ್ಯ ಕಾರಣ. ಅದರ ಹಿಂದಿದ್ದ ಇನ್ಸುಲೇಷನ್ ಫೋಮ್ ಕೂಡ ಉರಿಗೆ ಕೈಜೋಡಿಸಿತ್ತು. ಅದನ್ನು ಓದಿದ ಮೇಲೆ ನಾನು ಒಂದು ಗೆರೆ ಎಳೆದುಕೊಂಡೆ. ಉರಿಯುವ ಫೋಮ್ ಹಾಕುವುದಾದರೆ ಕಾಂಕ್ರೀಟಿನ ಹೊರಗೆ, ಗಾರೆಯ ಕೆಳಗೆ ಮುಚ್ಚಿದ ಹಾಗಿರಬೇಕು. ಮನೆಯ ಒಳಗೆ, ವೈರು ಲೈಟು ಇರುವ ಕಡೆ, ಉರಿಯದ ವಸ್ತುವೇ ಆಗಬೇಕು.

ಹಾಗಾಗಿ ತಾರಸಿಗೆ ಎಕ್ಸ್‌ಪಿಎಸ್ ಅಂತಾಯಿತು. ಎಷ್ಟು ದಪ್ಪ? ಮೇಲಿನ, ಕೆಳಗಿನ ಗಾಳಿಯ ಪದರದ ತಡೆಯನ್ನೂ ಸೇರಿಸಿ ಲೆಕ್ಕ ಹಾಕಿದೆ. ಬರೀ ಮೋಲ್ಡಿನಿಂದ ಒಳಗೆ ಬರುವ ಶಾಖ ನೂರು ಅಂದುಕೊಂಡರೆ, ಒಂದಿಂಚು ಹಲಗೆ ಹಾಕಿದರೆ ಅದು 26ಕ್ಕೆ ಇಳಿಯುತ್ತದೆ. ಎರಡಿಂಚಿಗೆ 15. ಮೂರಿಂಚಿಗೆ 10. ನಾಲ್ಕಿಂಚಿಗೆ 8. ಮೊದಲ ಇಂಚಿನಲ್ಲೇ ಮುಕ್ಕಾಲು ಪಾಲು ಕೆಲಸ ಆಗಿಹೋಗುತ್ತದೆ, ನಾಲ್ಕನೆಯ ಇಂಚು ಕೊಡುವುದು ಎರಡೇ ಅಂಶ. ಹಿಮ ಬೀಳುವ ಊರಿನವರು, ಇಡೀ ಚಳಿಗಾಲ ಮನೆ ಕಾಯಿಸುವವರು ಆ ಎರಡಕ್ಕೂ ಬೆಲೆ ಕಟ್ಟಬಹುದು. ನಮಗೆ ಬೇಸಿಗೆಯ ಕಾಟ ಅಷ್ಟೇ. ಎರಡಿಂಚಿಗೆ ನಿಲ್ಲಿಸಿದೆ. ಉಳಿದ ದುಡ್ಡನ್ನು ಮೇಲೆ ಹಾಸುವ ಬಿಳಿ ಟೈಲ್ಸಿಗೆ ಹಾಕಿದೆ. ಬಿಸಿಲು ಬಿದ್ದ ಜಾಗದಲ್ಲೇ ಅದರ ಬಹುಪಾಲನ್ನು ವಾಪಸ್ ಎಸೆದರೆ ಹಲಗೆಗೂ ಕೆಲಸ ಕಡಿಮೆ.

ಎಂಜಿನಿಯರ್ ಕೇಳಿದರು, ಮೋಲ್ಡಿನ ಕೆಳಗೆ, ಒಳಗಿನಿಂದ ಯಾಕೆ ಹಾಕಬಾರದು? ಕೆಲಸ ಸುಲಭ, ಮಳೆಯ ಕಾಟವಿಲ್ಲ. ಆದರೆ ಆಗ ಮೋಲ್ಡು ಬಿಸಿಲಿಗೆ ಹಾಗೇ ಒಡ್ಡಿಕೊಂಡಿರುತ್ತದೆ. ಹಗಲು ಹಿಗ್ಗಿ, ರಾತ್ರಿ ಕುಗ್ಗಿ, ಒಂದು ದಿನ ಬಿರುಕು ಬಿಡುತ್ತದೆ. ಮೇಲಿಂದ ಹೊದಿಸಿದರೆ ಮೋಲ್ಡೂ ತಂಪು, ವಾಟರ್‌ಪ್ರೂಫಿಂಗೂ ತಂಪು. ಕೆಳಗಿನಿಂದ ಮೇಲಕ್ಕೆ ಮೋಲ್ಡು, ನೀರು ಹರಿಯೋಕೆ ಇಳಿಜಾರಿನ ಗಾರೆ, ವಾಟರ್‌ಪ್ರೂಫಿಂಗ್, ಅದರ ಮೇಲೆ ಹಲಗೆ, ಒಂದು ಬಟ್ಟೆಯ ಪದರ, ಮತ್ತೆ ಗಾರೆ, ಟೈಲ್ಸ್. ಅವರು ಒಪ್ಪಿದರು.

ಹಲಗೆ ಬಂದ ದಿನ ಮಗಳೇ ತಕ್ಕಡಿ ತಂದಳು. ನಾವು ಕೇಳಿದ್ದು ಘನ ಮೀಟರಿಗೆ 32 ಕಿಲೋ ಸಾಂದ್ರತೆಯದು. 1250 ಮಿಲಿಮೀಟರ್ ಉದ್ದ, 600 ಅಗಲ, 50 ದಪ್ಪದ ಹಲಗೆ 1200 ಗ್ರಾಂ ತೂಗಬೇಕು. ತೂಗಿದ್ದು 930. ಇನ್ನೊಂದು ತೂಗಿದೆವು, 925. ಲೆಕ್ಕ ಹಾಕಿದರೆ 25 ಕಿಲೋ ಮಾಲು. ಶಾಖ ತಡೆಯುವುದರಲ್ಲಿ ಇದರಿಂದ ಅಂಥ ವ್ಯತ್ಯಾಸವಿಲ್ಲ, ಆದರೆ ಭಾರ ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಮೇಲೆ ಗಾರೆ, ಟೈಲ್ಸು, ನೀರಿನ ಟ್ಯಾಂಕು ಎಲ್ಲ ಕೂರಬೇಕಲ್ಲ. ಮಾರಿದವರು ಮೊದಲು “ತಕ್ಕಡಿ ಸರಿಯಿಲ್ಲ ಸಾರ್” ಅಂದರು. ಒಂದು ಲೀಟರ್ ನೀರು ತೂಗಿ ತೋರಿಸಿದೆ. ಲಾರಿ ಹಾಗೇ ವಾಪಸ್ ಹೋಯಿತು, ಬೇರೆ ಮಾಲು ಬರೋಕೆ ಹನ್ನೊಂದು ದಿನ ಹಿಡಿಯಿತು.

ಹಾಸುವಾಗ ನಾನು ಅಲ್ಲೇ ಕೂತಿದ್ದೆ. ಕೆಲಸದವರಿಗೆ ಇಷ್ಟವಾಗಲಿಲ್ಲ, ಗೊತ್ತು. ಆದರೆ ಹಲಗೆಗಳ ನಡುವಿನ ಸಂದೇ ಎಲ್ಲವನ್ನೂ ಕೆಡಿಸುತ್ತದೆ. ನೂರಕ್ಕೆ ಐದು ಭಾಗ ಸಂದು ಉಳಿದು ಅದರಲ್ಲಿ ಗಾರೆ ಇಳಿದರೆ, ಒಳಗೆ ಬರುವ ಶಾಖ ಸುಮಾರು ಕಾಲು ಭಾಗ ಏರುತ್ತದೆ. ಒಂದರ ಮೇಲೊಂದು ಕೂರುವ ಅಂಚಿನ ಹಲಗೆ ತರಿಸಿದ್ದು ಅದಕ್ಕೇ. ಇಟ್ಟಿಗೆ ಕಟ್ಟುವ ಹಾಗೆ ಸಂದಿಗೆ ಸಂದು ಸೇರದ ಹಾಗೆ ಹಾಸಿದರು. ಚೆನ್ನಾಗಿಯೇ ಹಾಸಿದರು.

ಅನಾಹುತ ಆಗಿದ್ದು ಬೇರೆ ಕಡೆ. ಮೂಲೆಯಲ್ಲಿ ಪ್ಯಾರಪೆಟ್ ಗೋಡೆಗೆ ವಾಟರ್‌ಪ್ರೂಫಿಂಗ್ ಸರಿಯಾಗಿ ಹತ್ತಿರಲಿಲ್ಲ. ಹಲಗೆ ಹಾಸಿದ ಮೇಲೆ ಅದು ಕಣ್ಣಿಗೆ ಬಿತ್ತು. ಹುಡುಗನೊಬ್ಬ ಉಳಿದಿದ್ದ ಟಾರ್ ಪ್ರೈಮರ್ ಡಬ್ಬ ತಂದು ಬ್ರಷ್ಷಿನಲ್ಲಿ ಬಳಿಯತೊಡಗಿದ. ಸ್ವಲ್ಪ ಹಲಗೆಯ ಮೇಲೂ ಚೆಲ್ಲಿತು. ನಾನು ನೋಡುತ್ತಿದ್ದ ಹಾಗೇ ಆ ಜಾಗ ಸುಕ್ಕಾಯಿತು, ಸಣ್ಣಗೆ ಚರಚರ ಸದ್ದು, ಐದು ನಿಮಿಷದಲ್ಲಿ ಅಂಗೈಯಗಲದ ಗುಳಿ. ಕಡ್ಡಿ ಹಾಕಿದರೆ ತಳ ಮುಟ್ಟಿತು. “ಸಾರ್, ಇದು ಕರಗ್ತಾ ಇದೆ!” ಅಂತ ಹುಡುಗ ಬ್ರಷ್ ಎಸೆದು ಹಿಂದೆ ಸರಿದ. ಆ ಪ್ರೈಮರಿನಲ್ಲಿದ್ದ ದ್ರಾವಕ ಪಾಲಿಸ್ಟೈರೀನನ್ನು ತಿಂದುಹಾಕುತ್ತದೆ. ಥರ್ಮಾಕೋಲ್ ಆದರೂ ಅಷ್ಟೇ, ಎಕ್ಸ್‌ಪಿಎಸ್ ಆದರೂ ಅಷ್ಟೇ. ನೀರಿನಲ್ಲಿ ಕದಡುವ ಪ್ರೈಮರ್ ಬಳಸಬೇಕಿತ್ತು. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಹುಡುಗನದೇನು ತಪ್ಪು, ಅಲ್ಲೇ ಕೂತಿದ್ದ ನಾನೂ ಓದಿರಲಿಲ್ಲ. ಮೂರು ಹಲಗೆ ಕಿತ್ತು ಬದಲಾಯಿಸಿದೆವು.

ಗೋಡೆಗಳಿಗೆ ಬೇರೆ ಇನ್ಸುಲೇಷನ್ ಹಾಕಲಿಲ್ಲ. ಎಂಟಿಂಚಿನ ಎಎಸಿ ಅನ್ನುವ ಹಗುರ ಬ್ಲಾಕ್ ಬಳಸಿದೆವು, ಅದರೊಳಗೇ ಸಣ್ಣ ಸಣ್ಣ ಗಾಳಿಯ ಗುಳ್ಳೆಗಳಿರುತ್ತವೆ, ಇಟ್ಟಿಗೆ ಗೋಡೆಗಿಂತ ಮೂರು ನಾಲ್ಕು ಪಟ್ಟು ತಡೆ. ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು ಬರುವ ಹಾಗೆ ಪ್ಲ್ಯಾನ್ ತಿರುಗಿಸಿದೆವು.

ಮೇಲಿನ ಸಣ್ಣ ಓದುವ ಕೋಣೆಗೆ ಮಾತ್ರ ತಗಡಿನ ಇಳಿಜಾರು ಮಾಡು. ಅಲ್ಲಿ ರಾಕ್‌ವೂಲೇ ಗೆದ್ದಿತು. ಕೆಳಗೆ ವೈರು, ಲೈಟು ಇದ್ದವು, ಬೆಂಕಿಯ ಭಯ. ಜೊತೆಗೆ ತಗಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಎಳೆಯ ವಸ್ತು ಸದ್ದನ್ನು ಹೀರಿಕೊಳ್ಳುತ್ತದೆ, ಗಟ್ಟಿ ಫೋಮ್ ಅಷ್ಟಾಗಿ ಹೀರುವುದಿಲ್ಲ. ಇಲ್ಲಿ ಫಾಯಿಲಿಗೂ ಕೆಲಸ ಸಿಕ್ಕಿತು, ತಗಡಿನ ಕೆಳಗೆ ಗಾಳಿಯ ಜಾಗ ಬಿಟ್ಟು ಕಟ್ಟಿಸಿದೆವು. ಮಳೆಗಾಲದ ಹಸಿಗಾಳಿ ಎಳೆಯೊಳಗೆ ನುಗ್ಗಿ, ಎಸಿ ಹಾಕಿದ ಕೋಣೆಯ ತಣ್ಣನೆಯ ಸೀಲಿಂಗ್ ಹಲಗೆಗೆ ತಾಗಿ ನೀರಾಗಬಾರದಲ್ಲ, ಅದನ್ನೂ ಆ ಫಾಯಿಲೇ ತಡೆಯುತ್ತದೆ. ಚಳಿ ದೇಶದಲ್ಲಾದರೆ ಈ ತೇವ ತಡೆಯುವ ಹಾಳೆ ಒಳಗಡೆಗೆ ಬರಬೇಕು. ಯಾವ ಪಕ್ಕ ಬೆಚ್ಚಗಿರುತ್ತದೋ ಆ ಪಕ್ಕಕ್ಕೆ.

ಸೀಲಿಂಗಿನೊಳಗೆ ಹುದುಗಿಸುವ ಲೈಟುಗಳ ಸುತ್ತ ಜಾಗ ಬಿಡಿಸಿದೆ, ಇಲ್ಲದಿದ್ದರೆ ಅವು ತಮ್ಮ ಬಿಸಿಗೆ ತಾವೇ ಸುಟ್ಟುಹೋಗುತ್ತವೆ. ಒಂದು ಕಡೆ ನಾಲ್ಕಿಂಚಿನ ರಾಕ್‌ವೂಲನ್ನು ಎರಡೂವರೆ ಇಂಚಿನ ಜಾಗಕ್ಕೆ ತುರುಕಿದ್ದರು, ತೆಗೆಸಿದೆ. ಒತ್ತಿ ತುಂಬಿದರೆ ಗಾಳಿಯೇ ಹೊರಗೆ ಹೋಗುತ್ತದೆ. ತೆಗೆಯುವಾಗ ಕೈಗವಸಿಲ್ಲದೆ ನಾನೂ ಕೈ ಹಾಕಿ, ಎರಡು ದಿನ ಮೊಣಕೈವರೆಗೂ ಕೆರೆದುಕೊಂಡೆ.

ಹೊಸ ಮನೆಯಲ್ಲಿ ಮೊದಲ ಬೇಸಿಗೆ ಬಂತು. ಅದೇ ಪಿಸ್ತೂಲು, ಅದೇ ಸಂಜೆ ಆರು ಗಂಟೆ. ಮಲಗುವ ಕೋಣೆಯ ಸೀಲಿಂಗು 32. ರಾತ್ರಿ ಹತ್ತಕ್ಕೆ 31. ಮೇಸ್ತ್ರಿಯನ್ನು ಕರೆದು ತೋರಿಸಿದೆ, ಅವರು ಮೀಟರನ್ನು ತಿರುಗಿಸಿ ಮುರುಗಿಸಿ ನೋಡಿ, ತಮ್ಮ ಹಣೆಗೂ ಹಿಡಿದು ಪರೀಕ್ಷಿಸಿಕೊಂಡರು.

ಆಮೇಲೆ ಮಗಳು ಅದನ್ನು ಕಿತ್ತುಕೊಂಡು ಸೀಲಿಂಗಿನ ಅಂಚಿನುದ್ದಕ್ಕೂ ಹಿಡಿಯುತ್ತಾ ಹೋದಳು. ಹೊರಗೋಡೆಯ ಪಕ್ಕದಲ್ಲಿ ಒಂದು ಗೇಣಿನ ಪಟ್ಟಿ 36 ತೋರಿಸಿತು. ಪ್ಯಾರಪೆಟ್ ಗೋಡೆ ಮೋಲ್ಡಿನ ಮೇಲೆ ನೇರ ನಿಂತಿದೆ, ಅದಕ್ಕೆ ನಾವು ಏನನ್ನೂ ಹೊದಿಸಿಲ್ಲ. ಅದು ಬಿಸಿಲಿನಲ್ಲಿ ಕಾದು, ಹಲಗೆಯನ್ನು ತಪ್ಪಿಸಿಕೊಂಡು, ಅಂಚಿನಿಂದ ಬಿಸಿಯನ್ನು ಒಳಗೆ ಇಳಿಸುತ್ತಿದೆ. ಪ್ಯಾರಪೆಟ್ಟಿನ ಎರಡೂ ಪಕ್ಕಕ್ಕೆ ಒಂದಿಂಚಿನ ಹಲಗೆ ಅಂಟಿಸಿ ಗಾರೆ ಮಾಡಿಸಬೇಕು ಅಂತ ಮಾತಾಡಿದ್ದೇವೆ. ಈ ಸಲ ಅಂಟಿನ ಡಬ್ಬದ ಹಿಂಬದಿ ಓದುವ ಕೆಲಸ ಮಗಳದು.